ಮಾಮಾಗೆ ನೆಟ್ಟಗೆ ಹೇಳಬಾರದು

ನನ್ನ ಅಕ್ಕನಿಗೆ ಮಗಳು ಹುಟ್ಟಿದ ದಿನ ನನಗೊಂದು ಹುದ್ದೆ ಸಿಕ್ಕಿತು. ಮಾಮಾನ ಹುದ್ದೆ. ಸಂಬಳವಿಲ್ಲ, ರಜೆಯಿಲ್ಲ, ಅಧಿಕಾರ ಮಾತ್ರ ಕೈತುಂಬ. ನಮ್ಮ ಕಡೆ ಕೂಸಿಗೆ ಬೈಯಲು ಅಪ್ಪ ಇರುತ್ತಾನೆ, ಮಗ್ಗಿ ಕೇಳಲು ಅಪ್ಪನ ತಮ್ಮ, ಅಂದರೆ ಕಾಕಾ ಇರುತ್ತಾನೆ, ಕಾಡಿಸಲು ತಾಯಿಯ ತಮ್ಮ ಇರುತ್ತಾನೆ. ಮಾಮಾ ಆದವನು ಅಕ್ಕನ ಮಗಳನ್ನು ಕಾಡಿಸದೆ ಸುಮ್ಮನೆ ಕುಳಿತರೆ ಮನೆಯವರು ಅವನ ಹಣೆ ಮುಟ್ಟಿ ನೋಡುತ್ತಾರೆ, ಜ್ವರ ಬಂದಿದೆಯೇನೋ ಎಂದು.

ಈ ಕಾಡಿಸುವುದಕ್ಕೂ ಒಂದು ಕಟ್ಟಳೆಯಿದೆ. ಮಾಮಾ ತನಗೆ ಗೊತ್ತಿರುವುದನ್ನೇ ಗೊತ್ತಿಲ್ಲದವನ ಹಾಗೆ ಕೇಳುತ್ತಾನೆ. ಮಗು ಉಲ್ಟಾ ಉತ್ತರ ಕೊಡಬೇಕು. ನೆಟ್ಟಗೆ ಹೇಳಿದರೆ ಮಗು ಸೋತ ಹಾಗೆ. ಉಲ್ಟಾ ಎಂದರೆ ಸುಮ್ಮನೆ ತಪ್ಪಲ್ಲ. ಕೇಳಿದವನ ಮುಖ ಇಳಿದು, ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥ ತಪ್ಪು. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ನಾನು ನನ್ನ ಮಾಮಾನ ಹತ್ತಿರ ಕಲಿತೆ, ಇವಳು ನನ್ನ ಹತ್ತಿರ ಕಲಿತಳು, ಮತ್ತು ನಾಲ್ಕು ವರ್ಷಕ್ಕೇ ನನ್ನನ್ನು ಮೀರಿಸಿದಳು.

ನನ್ನದು ಮುನವಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಅಂಗಡಿ. ಅಕ್ಕ ಇರುವುದು ಬೈಲಹೊಂಗಲದಲ್ಲಿ. ಭಾವ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅಕ್ಕ ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ರವಿವಾರ ಅಂಗಡಿ ಮುಚ್ಚಿದರೆ ಒಂದೋ ನಾನು ಅಲ್ಲಿ, ಇಲ್ಲವೇ ಅವರು ಇಲ್ಲಿ. ಒಮ್ಮೆ ಅವಳನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋಗಿದ್ದೆ. ಡ್ಯಾಮ್ ತುಂಬಿತ್ತು.

"ಇಷ್ಟ ನೀರ ಎಲ್ಲಿಂದ ಬಂತವಾ?" ಎಂದು ಕೇಳಿದೆ.

"ನಿನ್ನ ಲಗ್ನಾ ಆಗವಲ್ದಂತ ಆಯಿ ದಿನಾ ಅಳ್ತಾಳಲ್ಲ, ಅದs ನೀರು."

ಆಯಿ ಎಂದರೆ ನಮ್ಮ ತಾಯಿ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಯಾರೋ ನಾಲ್ಕು ಮಂದಿ ಕಾಲೇಜು ಹುಡುಗಿಯರು ಕಿಸಕ್ಕೆಂದು ನಕ್ಕರು. ಮೂವತ್ತು ದಾಟಿದ ಗಂಡಸಿನ ಮರ್ಯಾದೆ ಮಲಪ್ರಭೆಯಲ್ಲಿ ತೇಲಿಹೋಯಿತು. ಅವತ್ತು ನನಗಾದ ಸಂತೋಷ ಹೇಳತೀರದು.

ಇದೇ ಹುಡುಗಿ ಶಾಲೆಯಲ್ಲಿ ಬಾಯಿ ತೆರೆಯುವುದಿಲ್ಲ ಎಂದು ಎರಡನೇ ತರಗತಿಯಲ್ಲಿ ದೂರು ಬಂತು. ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಅದು. ಮಿಸ್ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾಳೆ, ಕಣ್ಣೆತ್ತುವುದಿಲ್ಲ, ಹೌದು ಇಲ್ಲ ಏನೂ ಇಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ದೊಡ್ಡವರ ಮುಂದೆ ಹಾಗೆ ನಿಲ್ಲಬೇಕೆಂದು ನಾವೇ ಹೇಳಿಕೊಟ್ಟಿದ್ದೆವು. ಆದರೆ ಹೆಡ್ ಮಿಸ್ ಅಕ್ಕನನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

"ಹುಡುಗಿನ್ನ ಒಮ್ಮೆ ಬೆಳಗಾವಿಗೆ ಕರಕೊಂಡ ಹೋಗಿ ಬುದ್ಧಿ ಟೆಸ್ಟ್ ಮಾಡಿಸ್ಕೊಂಡ ಬರ್ರಿ" ಎಂದರು. ದನಿ ಬಹಳ ಮೆತ್ತಗಿತ್ತು. "ನಿಮ್ಮ ಓಣಿ ಮಕ್ಕಳಿಗೆ ಸ್ವಲ್ಪ ತಡಾ ಆಗಿ ತಿಳಿತೈತ್ರಿ. ಅವರ ತಪ್ಪಲ್ಲ ಬಿಡ್ರಿ ಅದು, ಪಾಪ."

ಅಕ್ಕನದೂ ಮುನವಳ್ಳಿಯ ನಮ್ಮದರ ಹಾಗೆ ಮನೆಮನೆಯಲ್ಲಿ ಬುದ್ಧನ ಫೋಟೋ ಇರುವ ಓಣಿ. ಅಜ್ಜಂದಿರ ಕಾಲಕ್ಕೆ ಅದು ಊರ ಹೊರಗಿತ್ತು. ಊರು ಬೆಳೆದು ಬೆಳೆದು ಈಗ ನಮ್ಮನ್ನು ಒಳಗೆ ಹಾಕಿಕೊಂಡಿದೆ. ಓಣಿಯಲ್ಲಿ ಈಗ ನರ್ಸ್ ಇದ್ದಾರೆ, ಬ್ಯಾಂಕಿನವರಿದ್ದಾರೆ, ಕಟ್ಟಡದ ಕಂತ್ರಾಟು ಹಿಡಿಯುವವರಿದ್ದಾರೆ. ಆದರೂ "ನಿಮ್ಮ ಓಣಿ" ಎನ್ನುವಾಗ ಕೆಲವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ನನ್ನ ಪಿತ್ತ ನೆತ್ತಿಗೇರಿತು. "ಪಾಪ ಯಾಕ್ರಿ, ಪಾಪ ಅನ್ನಾಕ ಏನಾಗೇತಿ ಈಗ?" ಎಂದುಬಿಟ್ಟೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮಗು ಆ ಶಾಲೆಯಲ್ಲಿ ಓದಬೇಕಲ್ಲ.

ಅಕ್ಕನ ಹೆದರಿಕೆಗೆ ಕಾರಣವಿತ್ತು. ಪಕ್ಕದ ಮನೆಯ ಹುಡುಗಿ, ನಮ್ಮವಳಿಗಿಂತ ಒಂದು ವರ್ಷ ದೊಡ್ಡವಳು, ದಿನಾ ಸಂಜೆ ಇವಳ ಜೊತೆ ಹಗ್ಗದಾಟ ಆಡುತ್ತಿದ್ದವಳು, ಹೋದ ವರ್ಷ ಇದೇ ಟೆಸ್ಟಿಗೆ ಹೋಗಿದ್ದಳು. ನಂಬರ್ ಕಡಿಮೆ ಬಂತು. ಶಾಲೆಯವರು ಇನ್ನು ನಮ್ಮಲ್ಲಿ ಆಗುವುದಿಲ್ಲ ಎಂದರು. ದೂರದ ಊರಿನ ಒಂದು ಸ್ಪೆಷಲ್ ಶಾಲೆಯ ಹಾಸ್ಟೆಲಿಗೆ ಅವಳನ್ನು ಬಿಟ್ಟುಬಂದರು. ಈಗ ದೀಪಾವಳಿಗೆ ಒಮ್ಮೆ, ಬೇಸಿಗೆಗೆ ಒಮ್ಮೆ ಬರುತ್ತಾಳೆ. ನಮ್ಮವಳ ನಂಬರೂ ಕಡಿಮೆಯಾದರೆ ಜೂನಿನಲ್ಲಿ ಇವಳೂ ಅಲ್ಲಿಗೇ. ಹೆಡ್ ಮಿಸ್ ಇದನ್ನು ಮುಚ್ಚಿಡದೆ ಹೇಳಿದರು.

ಬೆಳಗಾವಿಯ ಆ ಕ್ಲಿನಿಕ್ ಒಂದು ಔಷಧದ ಅಂಗಡಿಯ ಮೇಲಿತ್ತು. ಟೆಸ್ಟ್ ಮಾಡುವವರು ಇನ್ನೂ ಹುಡುಗರಂತೆ ಕಾಣುವ, ಕನ್ನಡಕದ ಒಬ್ಬ ಸರ್. ಮಾತಿನಲ್ಲೇ ದಕ್ಷಿಣದ ಕಡೆಯವರೆಂದು ಗೊತ್ತಾಗುತ್ತಿತ್ತು. "ಬಾ ಪುಟ್ಟಿ, ಆಟ ಆಡೋಣ" ಎಂದು ಕೈ ಚಾಚಿದರು. ನಮ್ಮವಳು ಅಕ್ಕನ ಸೆರಗಿನ ಹಿಂದೆ ಸರಿದಳು. ಆಗ ಅಕ್ಕ ನಮ್ಮ ಕಡೆಯ ಯಾವ ತಾಯಿಯಾದರೂ ಹೇಳುವುದನ್ನೇ ಹೇಳಿದಳು. "ಹೆದರಬ್ಯಾಡ, ಅವರು ಮಾಮಾ ಅದಾರ. ಮಾಮಾ ಕೇಳಿದ್ದಕ್ಕ ಚಂದಂಗ ಹೇಳು, ಹಾಂ?"

ಗುರುತಿಲ್ಲದ ಗಂಡಸನ್ನು ಮಗುವಿಗೆ ತೋರಿಸುವಾಗ ನಮ್ಮ ಹೆಂಗಸರು ಹೀಗೇ ಅನ್ನುವುದು. ಬಸ್ಸಿನ ಕಂಡಕ್ಟರ್ ಮಾಮಾ, ಇಂಜೆಕ್ಷನ್ ಕೊಡುವ ಡಾಕ್ಟರೂ ಮಾಮಾ. ಅವನನ್ನು ತನ್ನ ಅಣ್ಣನೋ ತಮ್ಮನೋ ಮಾಡಿಕೊಂಡರೆ ಅವಳಿಗೂ ಒಂದು ಧೈರ್ಯ. ಆ ಮಾತು ಕೇಳಿದ್ದೇ ತಡ, ಹುಡುಗಿಯ ಮುಖ ಅರಳಿತು. ಸರ್ ಕೈ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಫ್ಯಾನಿನ ಸದ್ದಿನಲ್ಲಿ ನಮಗೆ ಮಾತು ಕೇಳಿಸಲಿಲ್ಲ. ನಡುನಡುವೆ ಅವಳ ನಗು ಕೇಳಿಸುತ್ತಿತ್ತು, ಒಮ್ಮೆ ಸರ್ ನಗುವುದೂ ಕೇಳಿಸಿತು. ಅಕ್ಕ ನನ್ನ ಕಡೆ ನೋಡಿ, "ನಕ್ಕೋತ ಹೇಳಾಕಹತ್ಯಾಳ, ಗೆದ್ದಳ ಬಿಡು" ಎಂದಳು. ಟೆಸ್ಟ್ ಮುಗಿದ ಮೇಲೆ ಕೆಳಗಿಳಿದು ಮೂವರೂ ಕಬ್ಬಿನ ಹಾಲು ಕುಡಿದೆವು.

ವಾರದ ಮೇಲೆ ಹೆಡ್ ಮಿಸ್ ಅಕ್ಕನನ್ನು ಮತ್ತೆ ಕರೆಸಿದರು. ನೂರರ ಆಸುಪಾಸು ಬರಬೇಕಾದ ನಂಬರ್ ಎಪ್ಪತ್ತಕ್ಕಿಂತ ಕೆಳಗೆ ಬಂದಿತ್ತು. "ನಾ ಹೇಳಿದ್ನೆಲ್ರಿ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗೆ ಜೂನಿನ ಮಾತು ಅಲ್ಲೇ ತೀರ್ಮಾನವಾಗಿಹೋಯಿತು. ಅಕ್ಕ ನನಗೆ ಫೋನ್ ಮಾಡಿ ಇಷ್ಟು ಹೇಳಿದಳು. ಆಮೇಲೆ ಬರೀ ಅಳು. ನಾನು ಮೋಟಾರಿನ ತಂತಿ ಸುತ್ತುತ್ತಿದ್ದವನು ಕೈಬಿಟ್ಟು ಕೂತೆ. ನನ್ನ ಆ ಚೂಟಿ ಹುಡುಗಿ, ನನ್ನ ಮರ್ಯಾದೆಯನ್ನು ಡ್ಯಾಮಿಗೆ ಎಸೆದವಳು, ಹೇಗೆ? ನಮಗೆ ಕಂಡದ್ದು ಬರೀ ನಮ್ಮ ಪ್ರೀತಿಯೇ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ. ಒಂದು ಕಾಗದ ಮನುಷ್ಯನ ಕಣ್ಣನ್ನು ಎಷ್ಟು ಬೇಗ ಕೆಡಿಸುತ್ತದೆ!

ಆ ರವಿವಾರ ಬೈಲಹೊಂಗಲಕ್ಕೆ ಹೋದೆ. ಅಕ್ಕನ ಕಣ್ಣು ಬಾತಿದ್ದವು. ಹುಡುಗಿ ಹೊಲಿಗೆ ಮಷಿನ್ನಿನ ಕೆಳಗೆ ಕೂತು ಬಟ್ಟೆಯ ಚೂರು ಆರಿಸುತ್ತಿದ್ದಳು. ಕಾಡಿಸುವ ಮನಸ್ಸಿರಲಿಲ್ಲ; ಸುಮ್ಮನೆ, "ಅವತ್ತ ಒಳಗ ಆ ಸರ್ ಏನೇನ ಕೇಳಿದ್ರು?" ಎಂದೆ.

ಅವಳು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಆ ಮಾಮಾ ನಿನಕಿಂತಾ ದಡ್ಡ ಅದಾನ. ಹಾಲ ಎಲ್ಲಿಂದ ಬರ್ತೈತಿ ಅಂದ. ಬೆಕ್ಕಿನ ಹೊಟ್ಟಿಯಿಂದ ಅಂದೆ. ಮೀನ ಎಲ್ಲಿ ಇರ್ತೈತಿ ಅಂದ. ಬೇವಿನ ಗಿಡದ ಮ್ಯಾಲ, ಕಾಗಿ ಮನಿಯಾಗ ಬಾಡಿಗಿ ಐತಿ ಅಂದೆ. ನಕ್ಕಬಿಟ್ಟ! ವಾರಕ್ಕ ಎಷ್ಟ ದಿನಾ ಅಂದ. ಒಂದs, ರವಿವಾರ, ಉಳದವು ಸಾಲಿವು ಅಂದೆ. ಎಲ್ಲಾ ಬರಕೊಂಡ. ಕಟ್ಟಿಗಿ ತುಂಡ ಜೋಡಸಂದ, ಉಲ್ಟಾ ಜೋಡಿಸಿದೆ. ಎಲ್ಲಾದರಾಗೂ ನಾನ ಗೆದ್ದೆ, ಮಾಮಾ."

ಅಕ್ಕ ಮಷಿನ್ ನಿಲ್ಲಿಸಿದಳು. ಕಾಲು ಪೆಡಲಿನ ಮೇಲೇ ಇತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಯವ್ವಾ, ನಾನs ಮಾಮಾ ಅಂದಿದ್ನೆಲ್ಲೋ ತಮ್ಮಾ" ಎಂದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಕೊನೆಗೆ ಎರಡೂ ಕೂಡಿ ಕೆಮ್ಮು ಬಂತು. ಹುಡುಗಿ ನಮ್ಮನ್ನು ಅನುಮಾನದಿಂದ ನೋಡಿದಳು. ಉಲ್ಟಾ ಉತ್ತರಕ್ಕೆ ಇಷ್ಟು ಹೊತ್ತಿಗೆ ನಾನು ಬಿದ್ದು ಬಿದ್ದು ನಗಬೇಕಿತ್ತು.

ಮರುದಿನವೇ ಅಂಗಡಿ ಮುಚ್ಚಿ ಬೆಳಗಾವಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಸರ್ ಕೂರಿಸಿ ಪೂರ್ತಿ ಕೇಳಿಸಿಕೊಂಡದ್ದರಿಂದ ನನ್ನ ಜಗಳ ಅರ್ಧಕ್ಕೇ ಆರಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ವಿಷಯ ನನಗೂ ಅವತ್ತಿಂದ ಕೊರೀತಿತ್ತು" ಎಂದರು. "ಟೆಸ್ಟ್ ಮುಗಿದ ಮೇಲೆ ಆ ಮರದ ತುಂಡುಗಳನ್ನೆಲ್ಲ ಅವಳೇ ಪೆಟ್ಟಿಗೇಲಿ ಜೋಡಿಸಿಟ್ಟಳು. ಒಂದೂ ತಪ್ಪಲಿಲ್ಲ. ಆದರೆ ಆಗ ಟೆಸ್ಟ್ ಮುಗಿದಿತ್ತಲ್ಲ, ಅದನ್ನ ಬರೆಯೋಕೆ ಜಾಗ ಇರಲಿಲ್ಲ."

ನಾನು ಪಕ್ಕದ ಮನೆಯ ಹುಡುಗಿಯ ಸುದ್ದಿ ಹೇಳಿ, ಓಣಿಯ ಮಾತನ್ನೂ ಎತ್ತಿದೆ. "ನಮ್ಮಂಥವರ ಮಕ್ಕಳಿಗೆ ಕಮ್ಮೀನ ಬರ್ತೈತಂತ ಹೌದೇನ್ರಿ?"

ಅವರು ಸುತ್ತಿಬಳಸಲಿಲ್ಲ. "ಸರಾಸರಿ ತೆಗೆದರೆ ಕೆಲವು ಕಡೆ ಹಾಗೆ ಬರುತ್ತೆ. ಯಾಕೆ ಅಂದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬಡತನ ಅಂತಾರೆ, ಶಾಲೆ ಅಂತಾರೆ, ಭಾಷೆ ಅಂತಾರೆ. ಈ ಪ್ರಶ್ನೆಗಳನ್ನ ಮಾಡಿದವರು ನಿಮ್ಮ ಓಣಿ ನೋಡಿದವರಲ್ಲ, ಅದಂತೂ ನಿಜ. ಉತ್ತರ ಕೊಡೋ ಮಗುಗೆ ನಾನು ಯಾರು ಅನ್ನೋದು ಅವರ ಪುಸ್ತಕದಲ್ಲಿ ಎಲ್ಲೂ ಇಲ್ಲ." ಅದೇ ಪ್ರಶ್ನೆಗಳನ್ನು ಇಷ್ಟು ಬೇಗ ಮತ್ತೆ ಕೇಳುವ ಹಾಗಿಲ್ಲವಂತೆ. ಬೇರೆ ಪ್ರಶ್ನೆಗಳ ಇನ್ನೊಂದು ಪೆಟ್ಟಿಗೆ ಇದೆ, ಶನಿವಾರ ಕರೆದುಕೊಂಡು ಬನ್ನಿ ಎಂದರು.

ಶನಿವಾರದವರೆಗೆ ಒಂದೇ ಚಿಂತೆ. ಸರ್ ಅವಳಿಗೆ ಮಾಮಾನೇ ಆಗಿದ್ದರೆ ಮತ್ತೆ ಬೆಕ್ಕಿನ ಹಾಲೇ ಗತಿ. ಅಲ್ಲ, ಅವರು ದೊಡ್ಡ ಸಾಹೇಬರು ಎಂದು ಹೇಳಿದರೆ ತಲೆ ತಗ್ಗಿಸಿ ನಿಂತುಬಿಡುತ್ತಾಳೆ, ಶಾಲೆಯಲ್ಲಿ ನಿಂತ ಹಾಗೆ. ಎರಡೂ ಕಡೆ ಸೊನ್ನೆ. ಕೊನೆಗೆ ನನಗೆ ಕಾಕಾ ನೆನಪಾದರು. ಅವಳ ಕಾಕಾ ರಾಮದುರ್ಗದಲ್ಲಿರುತ್ತಾರೆ, ಬಂದಾಗಲೆಲ್ಲ ಮಗ್ಗಿ ಕೇಳುತ್ತಾರೆ, ಅವರಿಗೆ ಅವಳು ನೆಟ್ಟಗೆ ಹೇಳುತ್ತಾಳೆ. ಎಂಥ ಉಪಾಯ! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕ್ಲಿನಿಕ್ಕಿನ ಬಾಗಿಲಲ್ಲಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. "ನೋಡವಾ, ಅವರು ಮಾಮಾ ಅಲ್ಲ. ಅವರು ಕಾಕಾ."

"ಅವ್ವ ಮಾಮಾ ಅಂದಿದ್ಲು."

"ಕಾಕಾನೂ ಹೌದು ಅವರು."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಮಾಮಾ ಅಂದ್ರ ಅವ್ವನ ತಮ್ಮ. ಕಾಕಾ ಅಂದ್ರ ಅಪ್ಪನ ತಮ್ಮ. ಒಬ್ಬಾಂವs ಇಬ್ಬರಿಗೂ ತಮ್ಮ ಅಂದ್ರ ಅವ್ವಾ ಅಪ್ಪಾ ಅಣ್ಣ ತಂಗಿ ಆದ್ರಲ್ಲೋ! ಮತ್ತ ಅವರ ಲಗ್ನಾ ಹೆಂಗಾತು?"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದೆ ನಿಂತು ಕೇಳುತ್ತಿದ್ದ ಸರ್ ಗೋಡೆಗೆ ಒರಗಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಅವರೂ ಬಂದು ನನ್ನ ಹಾಗೆಯೇ ಕುಕ್ಕರಗಾಲಲ್ಲಿ ಕೂತರು. "ಹಾಗಾದ್ರೆ ನಾನು ಯಾರು? ನೀನೇ ಹೇಳಮ್ಮ."

"ನೀವ ಯಾವೂರವರು?"

ಅವರು ತಮ್ಮ ಊರಿನ ಹೆಸರು ಹೇಳಿದರು. ಅವಳು ಕೇಳಿರಲಿಲ್ಲ. "ದೂರ ಐತೇನ್ರಿ?"

"ತುಂಬಾ ದೂರ. ಇಲ್ಲಿ ನಂಗೆ ಯಾರೂ ಇಲ್ಲ."

"ಹಂಗಾದ್ರ ನೀವ ಹೊಸಾ ಮಂದಿ" ಎಂದು ಅವಳು ತೀರ್ಪು ಕೊಟ್ಟಳು. ಒಮ್ಮೆಗೇ ಅವಳ ಮುಖ ಗಂಭೀರವಾಯಿತು. ನನಗೆ ಆಗ ಅರ್ಥವಾಯಿತು. ಓಣಿಗೆ ಹೊಸಬರು ಬಂದು ಇಂಥವರ ಮನೆ ಎಲ್ಲಿ ಎಂದರೆ ನಮ್ಮ ಮಕ್ಕಳು ಸುಳ್ಳು ಹೇಳುವುದಿಲ್ಲ, ಚೇಷ್ಟೆ ಮಾಡುವುದಿಲ್ಲ. ಆಟ ಬಿಟ್ಟು ಜೊತೆಗೆ ನಡೆದು ಬಾಗಿಲು ಮುಟ್ಟಿಸಿ ಬರುತ್ತವೆ. ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ನನಗೆ ಹೊಳೆದಿರಲಿಲ್ಲ. ಸರ್ ಅವಳ ಜೊತೆ ಒಳಗೆ ಹೋದರು, ಅಲ್ಲ, ಅವಳೇ ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಈ ಸಲ ನಗು ಕೇಳಿಸಲಿಲ್ಲ. ಅಕ್ಕ ಬೆಂಚಿನ ಮೇಲೆ ಕೂತು ಬೆರಳು ಹಿಚುಕಿಕೊಳ್ಳುತ್ತಿದ್ದಳು. ನಾನು ಮೆಟ್ಟಿಲು ಇಳಿಯುವುದು ಹತ್ತುವುದು ಮಾಡಿದೆ. ಬಾಗಿಲು ತೆರೆದಾಗ ಹುಡುಗಿಗೆ ದಣಿವಾಗಿತ್ತು. "ಪಾಪ, ಅವರಿಗೆ ಏನೂ ಗೊತ್ತಿಲ್ಲ ಯವ್ವಾ, ಎಲ್ಲಾ ಹೇಳಿಕೊಟ್ಟ ಬಂದೆ" ಎಂದಳು.

ಸರ್ ಲೆಕ್ಕ ಹಾಕಿ ಸಂಜೆಗೆ ಹೇಳಿದರು. ಅವಳ ವಯಸ್ಸಿನ ಮಕ್ಕಳಿಗೆ ಹೇಗಿರಬೇಕೋ ಹಾಗಿದೆ. ಒಂದೆರಡು ಕಡೆ ಸ್ವಲ್ಪ ಮುಂದಿದ್ದಾಳೆ. ಅಕ್ಕ ಕೈಮುಗಿದಳು. ಅವರು ನಮ್ಮ ಮುಂದೆಯೇ ಹೆಡ್ ಮಿಸ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಹಳೆಯ ಕಾಗದವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸದು ಕಳಿಸುತ್ತೇನೆ ಎಂದರು. ಹುಡುಗಿ ಇದೇ ಶಾಲೆಯಲ್ಲಿ ಮೂರನೇ ತರಗತಿಗೆ ಹೋಗಲಿ ಎಂದು ಆ ಕಡೆಯಿಂದ ಒಪ್ಪಿಗೆ ಬಂತು. "ಭಾಳ ಸಂತೋಷ ಆತ್ರಿ ಸರ್. ಆ ಓಣಿಯೊಳಗ ಇಂಥಾಕಿ ಒಬ್ಬಾಕಿ ಹುಟ್ಟಿದ್ದು ದೊಡ್ಡದು."

ಫೋನ್ ಕಸಿದುಕೊಳ್ಳಬೇಕೆನಿಸಿತು. ಸರ್ ಮುಖ ಕಪ್ಪಾಗಿತ್ತು. ಫೋನಿಟ್ಟು ಹಳೆಯ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಆಮೇಲೆ ಹೇಳಿದರು, "ಹೋದ ವರ್ಷ ನಿಮ್ಮ ಪಕ್ಕದ ಮನೆ ಹುಡುಗಿಗೂ ನಾನೇ ಟೆಸ್ಟ್ ಮಾಡಿದ್ದು. ಅವಳು ಬಾಯೇ ಬಿಡಲಿಲ್ಲ. ಅವತ್ತು ಅವಳಿಗೆ ನಾನು ಯಾರಾಗಿದ್ದೆನೋ, ಗೊತ್ತಿಲ್ಲ." ನಾವು ಮೆಟ್ಟಿಲು ಇಳಿದೆವು.

ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಅಕ್ಕ ಕಿಟಕಿಗೆ, ಹುಡುಗಿ ನಡುವೆ. ಕಡಲೆಕಾಯಿ ತಿಂದೆವು. ಅಕ್ಕ ಬಹಳ ದಿನಗಳ ಮೇಲೆ ಏನೋ ಗುನುಗುತ್ತಿದ್ದಳು. ಹುಡುಗಿ ನಿದ್ದೆ ಹೋದಳೆಂದುಕೊಂಡೆ, ಇಲ್ಲ, ಕಣ್ಣು ಬಿಟ್ಟುಕೊಂಡೇ ಇದ್ದಳು.

"ಮಾಮಾ, ನಂಗ ನಂಬರ ಕಮ್ಮಿ ಬಂದಿದ್ರ ನನ್ನೂ ಆ ಹಾಸ್ಟೆಲಿಗೆ ಬಿಟ್ಟ ಬರಾವ್ರಿದ್ರೇನ?"

ಇದೆಲ್ಲ ಅವಳಿಗೆ ಗೊತ್ತೇ ಇಲ್ಲವೆಂದು ನಾವು ತಿಳಿದಿದ್ದೆವು. "ಇಲ್ಲ ಬಿಡವಾ" ಎಂದೆ.

ಅವಳು ನನ್ನ ಮುಖ ನೋಡಿದಳು. "ನೀ ಮಾಮಾ ಅದಿ. ನೀ ಉಲ್ಟಾ ಹೇಳಾಂವ."

"ಖರೇನ ಹೇಳಾಕಹತ್ತೇನಿ."

"ಹಂಗೂ ಅಂತಿ ನೀ."

ನನ್ನ ಹುದ್ದೆಯ ಮೇಲೆ ಅವತ್ತೊಂದು ದಿನ ನನಗೆ ಸಿಟ್ಟು ಬಂತು. ಅಕ್ಕ ಗುನುಗುವುದನ್ನು ನಿಲ್ಲಿಸಿ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. "ನನ್ನ ಕೇಳು. ನಾ ಮಾಮಾ ಅಲ್ಲ, ನಿಮ್ಮವ್ವ ಅದೇನಿ. ಬಿಡೂದಿಲ್ಲ."

"ಕಮ್ಮಿ ಬಂದಿದ್ರೂ?"

"ಕಮ್ಮಿ ಬಂದಿದ್ರೂ."

"ಸೊನ್ನಿ ಬಂದಿದ್ರೂ?"

"ಸೊನ್ನಿ ಬಂದಿದ್ರೂ ಮನಿಗೇ ಕರಕೊಂಡ ಬರ್ತಿದ್ನೆ ನನ್ನ ಕೂಸೇ."

ಹುಡುಗಿ ಅವ್ವನ ಕುತ್ತಿಗೆಗೆ ಕೈಹಾಕಿದಳು. ಆಮೇಲೆ ಕೇಳಿದಳು, "ಹಂಗಾದ್ರ ಆಕಿನ್ನ ಯಾಕ ಬಿಟ್ಟ ಬಂದ್ರು?"

ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದು ಓಣಿಗೆ ಬಂದೆವು. ಅಕ್ಕ ತನ್ನ ಮನೆಯ ಬೀಗ ತೆಗೆಯಲಿಲ್ಲ. ಮಗಳನ್ನು ಕೈಹಿಡಿದುಕೊಂಡು ನೇರ ಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು.